ವೀಳ್ಯ ಮುಟ್ಟದ ಪುಟ್ಟಮಲ್ಲಪ್ಪನವರ ವಿಚಾರವಾಗಿ ಹೇಗ್ ನ್ಯಾಯಾಲಯಕ್ಕೆ

ಹೇಗ್ ನಗರದ ಶಾಂತಿ ಅರಮನೆಯಲ್ಲಿ ಆಸೀನರಾಗಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ಹದಿನೈದೂ ಮಂದಿ ನ್ಯಾಯಮೂರ್ತಿಗಳ ಸನ್ನಿಧಾನಕ್ಕೆ, ಚುಂಚನಕಟ್ಟೆ ನಾಲೆಯ ಬಯಲಿನಿಂದ ಸವಿನಯ ವಂದನೆಗಳು.

ಮಾನ್ಯರೇ,

ನಮ್ಮೂರಿನ ಪುಟ್ಟಮಲ್ಲಪ್ಪನವರು ಕಳೆದ ಭಾನುವಾರ ಮೂರನೆಯ ಬಾರಿಗೆ ವೀಳ್ಯ ಮುಟ್ಟದೆ ಪಂಚಾಯಿತಿಯಿಂದ ಎದ್ದು ಹೋದರು. ಅರಳಿಕಟ್ಟೆಯ ಎದುರು ಹೋಟೆಲು ನಡೆಸುವ ಸುನಂದಮ್ಮನವರು ಇದನ್ನು ತಿಳಿಸಿದರು. ಅವರು ಕಂಡದ್ದನ್ನಷ್ಟೇ ಹೇಳುವವರು.

ವ್ಯಾಜ್ಯ ಸಣ್ಣದು. ಪುಟ್ಟಸಿದ್ದಮ್ಮನವರ ಒಂದೂಕಾಲು ಎಕರೆ ಗದ್ದೆಗೆ ಹೋಗುವ ಬಂಡಿದಾರಿ ಪುಟ್ಟಮಲ್ಲಪ್ಪನವರ ಜಮೀನನ್ನು ಹಾದು ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಅವರು ಅದಕ್ಕೆ ಅಡ್ಡಲಾಗಿ ಕಲ್ಲುಕಂಬ ನೆಟ್ಟರು. ಕಂಬಗಳ ನಡುವೆ ಮನುಷ್ಯರು ನುಸುಳಬಹುದು, ಮೇಕೆ ನುಸುಳಬಹುದು, ಭತ್ತ ಕೊಯ್ಯುವ ಯಂತ್ರ ನುಸುಳದು. ಕೊಯ್ಯಲು ಆಳು ಸಿಗುತ್ತಿಲ್ಲ. ಇನ್ನು ಹತ್ತು ದಿನ ಕಳೆದರೆ ಕಾಳು ಗದ್ದೆಯಲ್ಲೇ ಉದುರಿಹೋಗುತ್ತದೆ.

ನಮ್ಮಲ್ಲಿ ವಿಚಾರಣೆಗೆ ಮುನ್ನ ಎರಡೂ ಕಡೆಯವರು ಯಜಮಾನ ದೊಡ್ಡಮಾದಯ್ಯನವರ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಹಾಕಿಕೊಳ್ಳಬೇಕು. ಹಾಕಿಕೊಂಡವರು ತೀರ್ಪಿಗೆ ಬದ್ಧರು. ಒಬ್ಬರು ಮುಟ್ಟದಿದ್ದರೂ ವಿಚಾರಣೆಯೇ ಇಲ್ಲ. ಎಲೆ ಅಡಿಕೆ ಇಲ್ಲದೆ ಹತ್ತು ನಿಮಿಷ ಇರಲಾರದ ಪುಟ್ಟಮಲ್ಲಪ್ಪನವರು ಈ ಕಾರಣಕ್ಕೇ ಸ್ವಂತ ಎಲೆಚೀಲ ಹಿಡಿದು ಪಂಚಾಯಿತಿಗೆ ಬರುತ್ತಾರೆ.

ಇಂಥ ಪದ್ಧತಿ ನಮ್ಮೂರಿನಲ್ಲಿ ಮಾತ್ರ ಇದೆಯೆಂದು ನಾಚಿಕೊಂಡಿದ್ದೆ. ಪತ್ರಿಕೆಯಲ್ಲಿ ತಮ್ಮ ವಿಷಯ ಓದಿ ಸಮಾಧಾನವಾಯಿತು. ೧೮೯೯ರಲ್ಲಿ ದೇಶದೇಶಗಳ ಮಧ್ಯಸ್ಥಿಕೆಗೆಂದು ಪಂಚಾಯಿತಿಕಟ್ಟೆ ಹಾಕಿ, ೧೯೨೨ರಲ್ಲಿ ಅದರ ಪಕ್ಕದಲ್ಲಿ ಕಾಯಂ ನ್ಯಾಯಾಲಯ ತೆರೆದು, ೧೯೪೬ರಲ್ಲಿ ಅದನ್ನು ಹೊಸದಾಗಿ ಕಟ್ಟಿ, ಕಡಲಿಗೆಂದು ಹ್ಯಾಂಬರ್ಗಿನಲ್ಲಿ ಒಂದು, ಯುದ್ಧಾಪರಾಧಕ್ಕೆಂದು ತಮ್ಮದೇ ಊರಿನಲ್ಲಿ ಇನ್ನೊಂದು ಸ್ಥಾಪಿಸಿ, ಇಷ್ಟೆಲ್ಲ ಆದಮೇಲೂ ಎದುರು ಪಕ್ಷದ ದೇಶ ಒಪ್ಪದ ಹೊರತು ತಾವು ಮೊಕದ್ದಮೆ ಕೈಗೆತ್ತಿಕೊಳ್ಳುವುದಿಲ್ಲವಂತೆ. ಒಂದು ಶತಮಾನ ಮೀರಿ ದುಡಿದು ನಮ್ಮ ಅರಳಿಕಟ್ಟೆಯ ಮಟ್ಟ ಮುಟ್ಟಿದ್ದೀರಿ. ಅಭಿನಂದನೆಗಳು.

ದಾರಿಯ ವ್ಯಾಜ್ಯ ತಮಗೆ ಹೊಸದಲ್ಲ. ಆಗ ತನ್ನ ವಸಾಹತಾಗಿದ್ದ ದಾದ್ರಾ ಮತ್ತು ನಗರ್ ಹವೇಲಿಗೆ ನಮ್ಮ ನೆಲದ ಮೇಲೆ ಹೋಗುವ ಹಕ್ಕು ಬೇಕೆಂದು ಪೋರ್ಚುಗಲ್ ಬಂದಾಗ, ಜನರೂ ಸಾಮಾನೂ ಹೋಗಬಹುದಿತ್ತು, ಸೈನ್ಯವೂ ಶಸ್ತ್ರವೂ ಹೋಗುವಂತಿರಲಿಲ್ಲ, ಭಾರತ ತಪ್ಪು ಮಾಡಿಲ್ಲ ಎಂದು ೧೯೬೦ರಲ್ಲಿ ಹೇಳಿದಿರಿ. ಇದನ್ನು ನಾನೇ ಕಟ್ಟೆಯ ಮೇಲೆ ಓದಿ ಹೇಳಿದ್ದು ತಪ್ಪಾಯಿತು. “ಆ ಮಿಷನ್ನಿನ ಹಲ್ಲು ನೋಡಿದ್ದೀರೇನ್ರೀ? ಅದು ಶಸ್ತ್ರ ಅಲ್ದೆ ಇನ್ನೇನು?” ಎಂದು ಪುಟ್ಟಮಲ್ಲಪ್ಪನವರು ಅಂದಿನಿಂದ ತಮ್ಮ ತೀರ್ಪನ್ನೇ ಹಿಡಿದು ವಾದಿಸುತ್ತಿದ್ದಾರೆ.

ತಮ್ಮಲ್ಲಿಗೆ ರಾಷ್ಟ್ರಗಳು ಮಾತ್ರ ಬರಬಹುದಾದ್ದರಿಂದ ಪುಟ್ಟಸಿದ್ದಮ್ಮನವರ ಒಂದೂಕಾಲು ಎಕರೆಯನ್ನು ರಾಷ್ಟ್ರವೆಂದು ಮಾನ್ಯಮಾಡಬೇಕಾಗಿ ಪ್ರಾರ್ಥನೆ. ಗಡಿಯಿದೆ, ಗಡಿ ತಕರಾರೂ ಇದೆ. ಧ್ವಜದ ಕೊರತೆಯನ್ನು ಬೆದರುಬೊಂಬೆಯ ಕೆಂಪು ಅಂಗಿ ನೀಗಿಸುತ್ತದೆ. ಅದಾಗದಿದ್ದರೆ, ನಾಟಿಯ ಕಾಲಕ್ಕೆ ಗದ್ದೆ ನೀರಿನಲ್ಲಿ ಮುಳುಗಿದ್ದನ್ನು ಪರಿಗಣಿಸಿ ಹ್ಯಾಂಬರ್ಗಿನ ಕಡಲು ನ್ಯಾಯಮಂಡಳಿಗಾದರೂ ಕಳುಹಿಸಿಕೊಡಿ. ಎರಡೂ ಆಗದಿದ್ದರೆ ಹದಿನೈದು ಮಂದಿಯಲ್ಲಿ ಬಿಡುವಾಗಿರುವ ಒಬ್ಬರನ್ನು ಕೆ.ಆರ್. ನಗರದ ಬಸ್ಸು ಹತ್ತಿಸಿ. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಇರುತ್ತದೆ.

ತಮ್ಮ ವಿಶ್ವಾಸಿ,
ಕೃಷ್ಣಕುಮಾರ್

ವಿ.ಸೂ.: ಪತ್ರ ಅಂಚೆಗೆ ಹಾಕುವ ಮುನ್ನ, ಈ ಬೆಳಗ್ಗೆ ನಾಲ್ಕನೆಯ ಪಂಚಾಯಿತಿ ಸೇರಿತು. ಪುಟ್ಟಮಲ್ಲಪ್ಪನವರು ಚೀಲವನ್ನು ಮನೆಯಲ್ಲೇ ಮರೆತು ಬಂದಿದ್ದರು. ಯಂತ್ರದ ಹಲ್ಲುಗಳ ಕುರಿತು ಭರದಿಂದ ವಾದಿಸುತ್ತಿರುವಾಗಲೇ ಅವರ ಕೈ ತಾನಾಗಿ ಯಜಮಾನರ ತಟ್ಟೆಗೆ ಹೋಯಿತು, ಎಲೆ ಬಾಯಿಗೆ ಹೋಯಿತು. “ಸುಣ್ಣ ಸಾಕಾ ಮಲ್ಲಪ್ಪಣ್ಣ, ಇನ್ನೊಸಿ ಕೊಡ್ಲಾ?” ಎಂದರು ಪುಟ್ಟಸಿದ್ದಮ್ಮ. “ಅಯ್ಯೋ, ಇದು ಅಭ್ಯಾಸ ಕಣವ್ವ, ಒಪ್ಗೆ ಅಲ್ಲ!” ಎಂಬ ಪ್ರಾಥಮಿಕ ಆಕ್ಷೇಪಣೆಯನ್ನು, ಬಾಯಿ ಕೆಂಪಾಗಿರುವುದನ್ನು ಪರಿಶೀಲಿಸಿ, ದೊಡ್ಡಮಾದಯ್ಯನವರು ಅಲ್ಲೇ ವಜಾ ಮಾಡಿದರು. ವಿಚಾರಣೆ ನಡೆದು, ದಾರಿ ಬಿಡಬೇಕೆಂದು ತೀರ್ಪಾಯಿತು. ಆದ್ದರಿಂದ ನ್ಯಾಯಮೂರ್ತಿಗಳು ಬರಬೇಕಿಲ್ಲ. ಇದರೊಡನೆ ಒಂದು ಹಿತ್ತಾಳೆ ತಟ್ಟೆ ಕಳುಹಿಸುತ್ತಿದ್ದೇನೆ. ಶಾಂತಿ ಅರಮನೆಯ ಬಾಗಿಲಲ್ಲಿಟ್ಟು ನೋಡಿ, ದೊಡ್ಡ ದೇಶಗಳೂ ಮೈಮರೆತಾವು. ಕಂಬ ಕೀಳುವುದು ಬುಧವಾರ. ಯಂತ್ರ ಗುರುವಾರ ಎಂಟು ಗಂಟೆಗೆ ಗದ್ದೆಗೆ ಇಳಿಯುತ್ತದೆ.