ಪುಟ್ಟಿಗೆ ಕಟ್ಟಿದ ಉತ್ತರ ಬಾಗಿಲಿನ ಮನೆ

ಬೆಕ್ಕಿಗೊಂದು ಮನೆ ಕಟ್ಟುವುದು ಏನು ಮಹಾ? ಪೂರ್ವ ಬಾಗಿಲಿನ ಮನೆಯೇ ಬೇಕೆಂದು ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿ ಬಿಲ್ಡರನೊಬ್ಬನ ತಲೆಯನ್ನು ಎಂಟು ತಿಂಗಳು ತಿಂದು, ಕೊನೆಗೂ ಪಡೆದವನು ನಾನು.

ನಮ್ಮ ಹಿತ್ತಲಿಗೆ ಬೂದು ಬಣ್ಣದ ಬೀದಿ ಬೆಕ್ಕೊಂದು ಬರುತ್ತಿತ್ತು. ಯಾರ ಕೈಗೂ ಸಿಗದು. ನಾವಿಟ್ಟದ್ದನ್ನು ನಾವು ಒಳಗೆ ಹೋದ ಮೇಲೆಯೇ ಮೂಸುತ್ತಿತ್ತು. ಮಗಳು ಅನಘಾ ಅದಕ್ಕೆ ಪುಟ್ಟಿ ಎಂದು ಹೆಸರಿಟ್ಟಿದ್ದಳು. ಶನಿವಾರದಿಂದ ನೀರು ಹೆಪ್ಪುಗಟ್ಟುವ ಚಳಿ ಎಂದು ಫೋನು ಅರಚಿದ ದಿನ, ಅವಳ ಮುಖ ಸಣ್ಣದಾಯಿತು.

"ಅಪ್ಪಾ, ವಿಲ್ ಪುಟ್ಟಿ ಡೈ?"

"ನಾನಿರುವಾಗ?" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಪ್ರಾಮಿಸ್" ಎಂದೂ ಸೇರಿಸಿದೆ.

ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ ಬೆಕ್ಕು ನುಗ್ಗುವಷ್ಟು ಬಾಗಿಲು ಕೊರೆದೆ. ಇನ್ನು ದಿಕ್ಕಿನ ಪ್ರಶ್ನೆ. ಪೂರ್ವಕ್ಕೆ ನಮ್ಮದೇ ಗೋಡೆ ಅಡ್ಡ. ಪಶ್ಚಿಮಕ್ಕೆ ಎಸಿ ಯಂತ್ರ. ದಕ್ಷಿಣ ಯಮನ ದಿಕ್ಕೆಂದು ನಮ್ಮಜ್ಜಿ ಕೈತುತ್ತಿನ ಜೊತೆಗೇ ತಿನ್ನಿಸಿದ್ದರು. ಉಳಿದದ್ದು ಉತ್ತರ, ಸಾಕ್ಷಾತ್ ಕುಬೇರನ ದಿಕ್ಕು. ಫೋನಿನ ದಿಕ್ಸೂಚಿ ಹಿಡಿದು, ಒಂದು ಡಿಗ್ರಿಯೂ ಆಚೀಚೆ ಆಗದಂತೆ ಸದರಿ ಮಾರ್ಜಾಲ ನಿವಾಸವನ್ನು ಪ್ರತಿಷ್ಠಾಪಿಸಿದೆ.

ಹಾಸಿಗೆಗೆ ಬೀರುವಿನಿಂದ ಒಂದು ಕೌದಿ ಎಳೆದೆ. ಧಾರವಾಡದ ನನ್ನ ಹೆಂಡತಿ ಶೈಲಜಾ ಬಾಗಿಲಲ್ಲೇ ತಡೆದಳು.

"ಅದು ನಮ್ಮವ್ವ ಹೊಲಿದ ಕೌದಿರಿ."

"ಅದಕ್ಕೇ ಬೆಚ್ಚಗಿರುತ್ತೆ."

"ಒದ್ದಿ ಆತಂದ್ರ?"

"ಮನೆಯೊಳಗೆ ಹೇಗೆ ಒದ್ದೆಯಾಗುತ್ತೆ?"

"ಕಟ್ಟಿದವರು ನೀವಲ್ಲ? ನೀವು ಹೊಡದ ಶೆಲ್ಫಿನ ಮ್ಯಾಲಿನ ಡಬ್ಬಿ ಇನ್ನೂ ಜಾರತಾವ."

ಆದರೂ ಡಬ್ಬದೊಳಗೆ ಕೌದಿ ಹಾಸುತ್ತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ವಿಶಾಲಾಕ್ಷಿ ಆಂಟಿ ಇಣುಕಿದರು. ಮೈಸೂರಿನವರು, ಇಲ್ಲಿ ಮೂವತ್ತು ಚಳಿಗಾಲ ಕಂಡವರು.

"ಕೌದಿ ತೆಗಿಯಪ್ಪ. ಬಟ್ಟೆ ನೀರು ಹೀರ್ಕೊಳತ್ತೆ. ಒಣಹುಲ್ಲು ಹಾಕು. ಬಾಗಿಲು ದಕ್ಷಿಣಕ್ಕೆ ತಿರುಗಿಸು."

"ಅಯ್ಯೋ ಆಂಟಿ, ಯಮನ ದಿಕ್ಕು."

"ಟೆಕ್ಸಾಸಲ್ಲಿ ಯಮ ಉತ್ತರದಿಂದ ಬರ್ತಾನೆ ಕಣೋ."

ಹಿರಿಯರು ತಮಾಷೆ ಮಾಡಿದರೆ ನಗಬೇಕು. ನಕ್ಕೆ. ಶುಕ್ರವಾರ ಸಂಜೆ ಹೊಸ್ತಿಲಿಗೆ ಕುಂಕುಮವಿಟ್ಟು, ಬಟ್ಟಲಲ್ಲಿ ಮೊಸರನ್ನ ಇರಿಸಿ, ಗೃಹಪ್ರವೇಶವನ್ನೂ ಮುಗಿಸಿದೆ. ಗೃಹಿಣಿಯೊಬ್ಬಳು ಬರುವುದು ಬಾಕಿ.

ಶನಿವಾರ ಬಂದದ್ದು ಗಾಳಿ. ನೇರ ಉತ್ತರದಿಂದ, ಮಳೆಯನ್ನೂ ಮಂಜಿನ ಹರಳನ್ನೂ ಹೊತ್ತುಕೊಂಡು, ಎಲ್ಲಿಯೂ ದಾರಿ ತಪ್ಪದೆ ನನ್ನ ಬಾಗಿಲಿನೊಳಗೇ ನುಗ್ಗಿತು. ನನ್ನ ದಿಕ್ಸೂಚಿ ಅಷ್ಟು ಕರಾರುವಾಕ್ಕಾಗಿತ್ತು!

ಭಾನುವಾರ ಬೆಳಿಗ್ಗೆ ಮೊಸರನ್ನ ಇಟ್ಟಿಗೆಯಾಗಿತ್ತು. ಕೌದಿ ಎಳೆದರೆ ಹಲಗೆಯಂತೆ ಬಂದು ಗೋಡೆಗೊರಗಿ ನಿಂತಿತು. ಪುಟ್ಟಿ ಇಲ್ಲ. ಎಸಿ ಹಿಂದೆ, ಕಾರಿನ ಕೆಳಗೆ, ಬೇಲಿಯ ಸಂದಿಯಲ್ಲಿ ಹುಡುಕಿದೆವು. ಎಲ್ಲೂ ಇಲ್ಲ. ಅನಘಾ ಅಳಲಿಲ್ಲ. "ಯು ಪ್ರಾಮಿಸ್ಡ್" ಎಂದಳು, ಅಷ್ಟೇ. ಅತ್ತಿದ್ದರೇ ವಾಸಿಯಿತ್ತು.

ಒಳಗೆ ಬಂದರೆ ಕರೆಂಟು ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಪೂರ್ವ ಬಾಗಿಲಿನ ಮನೆಯೊಳಗೆ ಮೂವರ ಬಾಯಿಂದಲೂ ಹೊಗೆ. ಆಂಟಿಯ ಫೋನು ಬಂತು.

"ನಮ್ಮನೇಲಿ ಗ್ಯಾಸಿನ ಅಗ್ಗಿಷ್ಟಿಕೆ ಉರೀತಿದೆ. ಮರ್ಯಾದೆ ನೋಡ್ತಾ ಕೂರಬೇಡಿ, ಬನ್ನಿ."

ಅನ್ನದ ಪಾತ್ರೆ ನಾನು ಹಿಡಿದೆ. ಶೈಲಜಾ ಹಲಗೆಯಾದ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡಳು. ಆಂಟಿಯ ಜಗಲಿಯಲ್ಲಿ ಅನಘಾ ಗಕ್ಕನೆ ನಿಂತಳು. ಬಾಗಿಲ ಪಕ್ಕದಲ್ಲೊಂದು ಹಳೆಯ ಡಬ್ಬ. ಅದರ ತುಂಬ ಒಣಹುಲ್ಲು. ಹುಲ್ಲಿನ ನಡುವೆ ಎರಡು ಹಳದಿ ಕಣ್ಣು.

"ಪುಟ್ಟಿ," ಎಂದಳು ಅನಘಾ, ಉಸಿರಿನಲ್ಲೇ.

"ಶುಕ್ರವಾರ ಸಂಜೆನೇ ಬಂದಳಲ್ಲ," ಎಂದರು ಆಂಟಿ. "ನಿಮ್ಮಪ್ಪ ಅಲ್ಲಿ ಕುಂಕುಮ ಇಡ್ತಿದ್ದಾಗ."

ಶೈಲಜಾ ಕೌದಿ ಮುಂದೆ ಚಾಚಿದಳು. "ಆಂಟಿ, ಇದನ್ನ ಒಲಿ ಮುಂದ ನಿಲ್ಲಸ್ರಿ. ಇವರನ್ನೂ."

ಆಗ ಗಮನಿಸಿದೆ. ಡಬ್ಬದ ಬಾಗಿಲಷ್ಟೇ ಅಲ್ಲ, ಆಂಟಿಯ ಮನೆಯ ಬಾಗಿಲೂ ದಕ್ಷಿಣಕ್ಕೇ ಇತ್ತು. ಪುಟ್ಟಿ ನನ್ನನ್ನೊಮ್ಮೆ ನೋಡಿ ಕಣ್ಣು ಮುಚ್ಚಿತು.

ನಾನು ಬಲಗಾಲಿಟ್ಟು ಒಳಗೆ ಹೋದೆ.