ಸಂಡಿಗೆ ಕದಿಯದ ಕಾಗೆಯವರಿಗೆ

ಗೋವಾದ ಸಾವರ್ಡೆಯಲ್ಲಿ ನಮ್ಮ ಮನೆಯ ಗಚ್ಚಿಯ ಮೇಲೆ, ನೀರಿನ ಟಾಕಿಯ ಅಂಚಿಗೆ ಬಿಡಾರ ಹೂಡಿ, ದಿನಾ ನಮಗಿಂತ ಮೊದಲು ಎದ್ದು ಓಣಿಯನ್ನೆಲ್ಲ ಎಬ್ಬಿಸುವ ಶ್ರೀಮಾನ್ ಕಾಗೆಯವರ ಪಾದಗಳಿಗೆ, ಅವು ಎಲ್ಲೆಲ್ಲಿ ತುಳಿದು ಬಂದ ಪಾದಗಳೆಂದು ವಿಚಾರಿಸದೆ, ಈ ಮಾನಪ್ಪನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಭಾವಿಸುವುದೇನು, ಕಣ್ಣಿಗೇ ಕಾಣುತ್ತಿದೆ. ಹೋದ ವರ್ಷಕ್ಕಿಂತ ಮೈ ತುಂಬಿಕೊಂಡಿದ್ದೀರಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಗೋವಾಕ್ಕೆ ಬಂದು, ಅದಿರಿನ ಲಾರಿಗಳಿಗೆ ಮಣ್ಣು ತುಂಬಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ಸಿಟ್ಟು ಬಂದರೆ ನುಂಗಲೂ ಬರುವುದಿಲ್ಲ. ಆದರೂ ಎತ್ತರದಲ್ಲಿ ಕೂತವರಿಗೆ ಬರೆಯುವಾಗ ಮರ್ಯಾದೆ ಇರಲಿ ಎಂದು, ಮೊದಲು ಬರೆದ ಎರಡು ಹಾಳೆಗಳನ್ನು ಹರಿದು ಹಾಕಿ ಇದನ್ನು ಬರೆದಿದ್ದೇನೆ.

ನನ್ನ ದೂರು ಇಷ್ಟೇ. ತಾವು ಕದಿಯುತ್ತಿಲ್ಲ.

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮಲ್ಲಿ ಮಳೆಗಾಲದ ತಯಾರಿ ಎಂಬುದು ತಮಗೆ ಗೊತ್ತು. ಈ ಸೀಮೆಯಲ್ಲಿ ಜೂನಿಗೆ ಹಿಡಿದ ಮಳೆ ಬಿಡುವುದು ಯಾವಾಗಲೋ, ಅದಕ್ಕೆ ಒಣಗಿಸುವುದನ್ನೆಲ್ಲ ಈಗಲೇ ಒಣಗಿಸಿಕೊಳ್ಳಬೇಕು. ನನ್ನ ಹೆಂಡತಿ ಸುಂದರವ್ವ ನಮ್ಮೂರ ಪದ್ಧತಿಯಂತೆ ಅಕ್ಕಿ ಸಂಡಿಗೆ, ಹಪ್ಪಳ, ಗೋದಿಯ ಕುರಡಿಗೆ ಮಾಡುತ್ತಾಳೆ. ಜೊತೆಗೆ ನೆರೆಮನೆಯ ಗೋವೆಯ ಹೆಂಗಸರಿಂದ ಕಲಿತು, ಕಾರವಾರದವರು ಮುರುಗಲು ಎನ್ನುವ ಹುಳಿಹಣ್ಣನ್ನು ಸೀಳಿ ಸಿಪ್ಪೆಗೆ ಉಪ್ಪು ಸವರಿ ಹರವುತ್ತಾಳೆ. ಹಳೆಯ ಸೀರೆಯ ಮೇಲೆ ಅರ್ಧ ಬಿಳಿ, ಅರ್ಧ ಕೆಂಪು. ನೋಡಲು ಇಷ್ಟು ಚೆಂದದ ಪದಾರ್ಥ ತಮ್ಮ ಮೂಗಿನ ಕೆಳಗಿದ್ದೂ ತಾವು ತಿರುಗಿ ನೋಡುವುದಿಲ್ಲವೆಂದರೆ, ಅದನ್ನು ಸಂಯಮ ಎನ್ನಲೋ, ಸೊಕ್ಕು ಎನ್ನಲೋ ತಿಳಿಯದಾಗಿದೆ.

ಇದನ್ನು ಕಾಯುವ ನೌಕರಿ ನನ್ನದು. ಒಂದು ಬಿದಿರು ಕೋಲು, ಒಂದು ಸ್ಟೂಲು, ಒಂದು ತಂಬಿಗೆ ನೀರು, ಅಂಗಿಯ ಒಳಗೆ ಒಂದು ಪುಸ್ತಕ. ಹನ್ನೊಂದು ಗಂಟೆಯವರೆಗೆ ಪಕ್ಕದ ಮನೆಯ ಮಾವಿನ ಮರದ ನೆರಳು ನನ್ನ ಸ್ಟೂಲಿನ ಮೇಲೆ ಬೀಳುತ್ತದೆ. ಎಲೆಯ ಸಂದಿಯಲ್ಲಿ ಕಾಯಿಗಳು ಇನ್ನೇನು ಬಣ್ಣ ತಿರುಗಬೇಕು. ಎಲ್ಲೋ ಕೂತ ಕುಟ್ರು ಹಕ್ಕಿ ಉಸಿರು ಬಿಡದೆ ಕೂಗುತ್ತಿರುತ್ತದೆ. ಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಬಿದ್ದ ಗೇರುಹಣ್ಣಿನ ವಾಸನೆ. ಆ ಹಣ್ಣಿನ ಸಿಹಿ ರಸಕ್ಕೆ ಇಲ್ಲಿಯವರು ನೀರೋ ಎನ್ನುತ್ತಾರೆ. ಬೆಳಿಗ್ಗೆ ತಂದದ್ದು ಮಧ್ಯಾಹ್ನವಾದರೆ ಹುಳಿ ಹಿಡಿಯುತ್ತದೆ, ಆದ್ದರಿಂದ ಹೊತ್ತು ಮೀರದಂತೆ ಅದನ್ನು ಕುಡಿದು ಮುಗಿಸುವ ಜವಾಬ್ದಾರಿಯನ್ನೂ ನಾನೇ ಹೊತ್ತಿದ್ದೆ.

ಇನ್ನು ಪುಸ್ತಕದ ವಿಷಯ. ನಮ್ಮಂಥ ದುಡಿಯುವ ಮನೆಗಳಲ್ಲಿ ಗಂಡಸು ಹಗಲು ಹೊತ್ತು ಪುಸ್ತಕ ಹಿಡಿದು ಕೂತನೆಂದರೆ ಬಂದವರು ಮೊದಲು ಕೇಳುವುದು, "ಯಾಕ್ರಿ, ಆರಾಮ ಇಲ್ಲೇನ್ರಿ?" ಆರಾಮ ಇದ್ದೇನೆ ಎಂದರೆ, ಮೈಗಳ್ಳ ಎಂದುಕೊಂಡು ಚಹಾ ಕುಡಿದು ಹೋಗುತ್ತಾರೆ. ಅದೇ ಮನುಷ್ಯ ಎದುರಿಗೆ ಸಂಡಿಗೆ ಹರವಿಕೊಂಡು, ಕೈಯಲ್ಲಿ ಕೋಲು ಹಿಡಿದು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡರೆ ಯಾರದೂ ತಕರಾರಿಲ್ಲ. ಅವನು ಕೆಲಸದ ಮೇಲಿದ್ದಾನೆ. ಶಾಲೆ ನನ್ನನ್ನು ಬಿಟ್ಟು ಐವತ್ತೆಂಟು ವರ್ಷಕ್ಕೆ, ಕನ್ನಡ ಸಂಘದ ಕಪಾಟಿನ ಕೀಲಿ ಇಟ್ಟುಕೊಂಡಿರುವ ಶಂಕರಲಿಂಗ ಹೋದ ಬೇಸಿಗೆಯಲ್ಲಿ ಒಂದು ದಪ್ಪ ಕಾದಂಬರಿ ಕೊಟ್ಟ. ರಟ್ಟೂ ಇಲ್ಲ, ಹೆಸರಿನ ಪುಟವೂ ಇಲ್ಲ. ಬೆರಳು ಇಟ್ಟುಕೊಂಡು, ತುಟಿ ಆಡಿಸಿಕೊಂಡು ದಿನಕ್ಕೆ ನಾಲ್ಕು ಪುಟ ಓದುತ್ತೇನೆ. ತುಟಿ ಆಡಿಸದೆ ಓದಿದರೆ ನನಗೆ ಓದಿದಂತೆಯೇ ಆಗುವುದಿಲ್ಲ.

ಹೋದ ವರ್ಷ ತಾವು ಎಂಥ ಕರ್ತವ್ಯನಿಷ್ಠರಾಗಿದ್ದಿರಿ. ಸುಂದರವ್ವನ ಕಣ್ಣೆದುರಿಗೇ ಇಡೀ ಹಪ್ಪಳ ಎತ್ತಿಕೊಂಡು ಹೋಗಿ, ಟಾಕಿಯ ಮೇಲೆ ಕೂತು, ಅವಳಿಗೆ ತೋರಿಸಿ ತೋರಿಸಿ ತಿಂದವರು ತಾವು. ಅವಳು ಬೈದದ್ದು ನನ್ನನ್ನು. "ಕಣ್ಣ ತಗದ ಕುಂದರ್ರಿ, ಒಂದ ತಾಸ ಹೆಚ್ಚಿಗಿ ಕುಂದರ್ರಿ" ಎಂದಳು. ಆ ಒಂದು ತಾಸಿಗಾಗಿ ನಾನು ಇಂದಿಗೂ ತಮಗೆ ಋಣಿ. ಆದರೆ ಈ ವರ್ಷ ತಮಗೆ ಮೀನು ಮಾರ್ಕೆಟ್ಟಿನಲ್ಲಿ ಕಾಯಂ ನೌಕರಿ ಸಿಕ್ಕಿದೆ ಎಂದು ಕೇಳಿದೆ. ಹೆಂಗಸರು ಬಾಂಗಡೆ ಹಸನು ಮಾಡಿ ಎಸೆಯುವುದೆಲ್ಲ ತಮಗೇ ಅಂತೆ. ಬಡ್ತಿಗೆ ಅಭಿನಂದನೆಗಳು. ಆದರೆ ಹಳೆಯ ಮಾಲೀಕರನ್ನು ಒಂದು ಮಾತೂ ಹೇಳದೆ ಬಿಟ್ಟು ಹೋಗುವುದು ಯಾವ ಊರ ರೀತಿ?

ಹನ್ನೊಂದು ದಿನ ಕಳೆದರೂ ಒಂದು ಸಂಡಿಗೆ ಕಡಿಮೆಯಾಗಲಿಲ್ಲ. ವೆರ್ಣಾದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುವ ನಮ್ಮ ಸೊಸೆ ಜಯಶ್ರೀ ರಜೆಯ ದಿನ ಗಚ್ಚಿಗೆ ಬಂದು ನಿಂತು ನೋಡಿದಳು. ಒಳ್ಳೆಯ ಹುಡುಗಿ, ಅದೇ ತೊಂದರೆ. "ಮಾವಾರ, ಕಾಗಿ ಈ ಕಡೆ ಹಾಯೂದ ಇಲ್ಲ. ನೀವ್ಯಾಕ ಬಿಸಲಾಗ ಕುಂತು ತಲಿ ಕಾಯಿಸ್ಕೋತೀರಿ? ಬಂದ್ರೂ ಬರಲಿ ಅಂತ ಜಾಳಗಿ ತರಿಸೇನಿ, ಹೊದಿಸಿ ಬಿಡೂಣು. ನೀವು ತೆಳಗ ಫ್ಯಾನಿನ ಬುಡಕ ಆರಾಮ ಕುಂದರ್ರಿ" ಎಂದಳು. ಸೊಳ್ಳೆಪರದೆಯಂಥ ಬಿಳಿ ಜಾಳಿಗೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಮುಗಿಯಿತು. ನಲವತ್ತು ವರ್ಷ ಗಣಿಯ ಯಾವ ಮುಕಾದಮನೂ ಕೆಲಸದಿಂದ ತೆಗೆಯದ ನನ್ನನ್ನು ಮೂರು ಗಜದ ಬಟ್ಟೆ ತೆಗೆದುಹಾಕಿತು.

ಈಗ ಕೆಳಗೆ ಕೂತಿದ್ದೇನೆ. ಗ್ಯಾಸಿನವನು ಬಂದನೋ ನೋಡು, ನಳ ಬಂತೋ ನೋಡು, ಇಲ್ಲದಿದ್ದರೆ ಟಿವಿ ನೋಡು. ಕಾದಂಬರಿಯಲ್ಲಿ ಗುರುಬಾಯಿ ಎಂಬ ಹೆಣ್ಣುಮಗಳು ಅಂಬಿಗನ ಜೊತೆ ಜಗಳಾಡಿ, ತನ್ನ ಎರಡು ಎತ್ತುಗಳನ್ನು ತಾನೇ ಹೊಡೆದುಕೊಂಡು ತುಂಬಿದ ಹೊಳೆಗೆ ಇಳಿದಿದ್ದಳು. ನೀರು ಎದೆಮಟ್ಟಕ್ಕೆ ಬಂದಾಗ ನಾನು ಪುಟ ಮಡಚಿದ್ದು. ಎಂಟು ದಿನದಿಂದ ಆಕೆ ನೀರಿನಲ್ಲೇ ನಿಂತಿದ್ದಾಳೆ. ಇದಕ್ಕೆ ತಾವೇ ಹೊಣೆ.

ನನ್ನೊಬ್ಬನ ಕಷ್ಟವಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ನಿನ್ನೆ ಊಟಕ್ಕೆ ರೊಟ್ಟಿ ಹಾಕುತ್ತ ಸುಂದರವ್ವ ಕೇಳಿದಳು, "ಆಕೀ ಎತ್ತು ಹೊಳಿ ದಾಟಿದ್ವೇನ್ರಿ?"

ಯಾರ ಎತ್ತು ಎಂದೆ.

"ಅದ, ಗುರುಬಾಯಿದು. ಆಕಿನ್ನ ನೀರಾಗ ನಿಂದರಿಸಿ ಬಂದು ಇಲ್ಲೆ ಟಿವಿ ನೋಡಾಕತ್ತೀರಿ."

ಸುಂದರವ್ವ ಶಾಲೆಯ ಕಟ್ಟೆ ಹತ್ತಿದವಳಲ್ಲ. ಪುಸ್ತಕದ ಬಗ್ಗೆ ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಗಚ್ಚಿಯ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವ ನೆವದಲ್ಲಿ, ಮೊದಲ ಪುಟದಿಂದ ಕೇಳುತ್ತ ಬಂದಿದ್ದಳಂತೆ. ನನಗೆ ಹೇಳಬಾರದಿತ್ತೇ ಎಂದರೆ, "ಬಾಯಿ ಬಿಟ್ಟು ಓದತಿದ್ರಿ, ನಾ ಏನ್ ಕಿವಿ ಮುಚ್ಚಿಕೊಂಡು ಕುಂದರಬೇಕಿತ್ತೇನು?" ಎಂದು ನನಗೇ ತಿರುಗಿಬಿದ್ದಳು. ಹಾಗಾದರೆ ಇಲ್ಲೇ ಓದುತ್ತೇನೆ ಎಂದೆ. "ತೆಳಗ ಬ್ಯಾಡ. ಮುದುಕಾ ಮುದುಕಿ ಕೆಲಸಾ ಬಿಟ್ಟು ಕಥಿ ಓದಾಕತ್ತಾರ ಅಂತ ಮಂದಿ ನಗತಾರ" ಎಂದಳು. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ನನ್ನ ಮಾತನ್ನು ಅವಳು ಮೆಟ್ಟಿಲ ಮೇಲೆ ಕೂತು ಕೇಳಿದ್ದು ಇದೇ ಮೊದಲು. ಅದೂ ತಪ್ಪಿಹೋಗುವ ಹೊತ್ತು ಬಂದಿದೆ. ಮಳೆ ಬೀಳುವುದರೊಳಗೆ ಮುಗಿಸಬೇಕಾದದ್ದು ಇನ್ನೂ ನೂರಾ ಹತ್ತು ಪುಟಗಳಿವೆ.

ಆದ್ದರಿಂದ ಮಾನ್ಯರಲ್ಲಿ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ತಾವು ದಿನವೂ ಒಂಬತ್ತು ಗಂಟೆಗೆ ನಮ್ಮಲ್ಲಿಗೆ ದಯಮಾಡಿಸಿ, ಕೊಕ್ಕನ್ನು ಜಾಳಿಗೆಯ ಸಂದಿಯಲ್ಲಿ ತೂರಿಸಿ, ಎರಡು ಸಂಡಿಗೆಯನ್ನಾದರೂ ಸ್ವೀಕರಿಸಬೇಕು. ಜಯಶ್ರೀಗೆ ರಜೆ ಇರುವ ದಿನ ನಾಲ್ಕಾದರೂ ಅಡ್ಡಿಯಿಲ್ಲ. ಅವಳು ನೋಡುವಂತೆ, ಸಾವಕಾಶವಾಗಿ, ಬೇಕಾದರೆ ನೆಂಟರಿಷ್ಟರನ್ನು ಕರೆದುಕೊಂಡು ಬನ್ನಿ. ಹುಳಿ ಸಿಪ್ಪೆ ತಮಗೆ ಸೇರದಿದ್ದರೆ ಕಾಲಿನಿಂದ ಚೆಲ್ಲಾಡಿದರೂ ಸಾಕು. ಮಾರ್ಕೆಟ್ಟಿನ ನೌಕರಿಯಿಂದ ಬಿಡುವು ಸಿಗದಿದ್ದರೆ, ಕೆಲಸ ಗೊತ್ತಿರುವ ಬೇರೊಬ್ಬ ಕಾಗೆಯನ್ನು ಬದಲಿಗೆ ಕಳಿಸಿಕೊಡಿ. ನಾಳೆ ನಾನು ಸತ್ತ ಮೇಲೆ ನನ್ನ ಹೆಸರಿನಲ್ಲಿ ಇಡುವ ಎಡೆಗೆ ಬರುವವರೂ ತಾವೇ ಅಲ್ಲವೇ? ಆಗ ಎಷ್ಟಾದರೂ ತಿನ್ನಿ, ಯಾರೂ ಕೋಲು ಎತ್ತುವುದಿಲ್ಲ. ಈಗ ಜೀವ ಇದ್ದಾಗ ಸ್ವಲ್ಪ ಕದಿಯಿರಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಸಿಟ್ಟಿನಲ್ಲಿ ಒಂದು ಮಾತು ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಲ್ಲಿ ಜಾಗವಿದೆ ಎಂದು ನೋಡಿಯೇ ಬರೆದಿದ್ದೇನೆ.

ಕೋಲು ಮೂಲೆಗಿಟ್ಟು ಕೂತಿರುವ,
ತಮ್ಮ ವಿಶ್ವಾಸಿ,
ಮಾನಪ್ಪ

ತಾ.ಕ.: ಈ ಪತ್ರ ಮುಗಿಸಿದ ಮರುದಿನ ಬೆಳಿಗ್ಗೆ ನೋಡಿದರೆ ಜಾಳಿಗೆ ಉದ್ದಕ್ಕೆ ಹರಿದಿದೆ. ಹರಿದದ್ದೂ ಎಷ್ಟು ನೀಟು ಎಂದರೆ, ದರ್ಜಿಯ ಕತ್ತರಿ ಆಡಿದಂತೆ, ಒಂದೇ ಗೆರೆ. ಜಯಶ್ರೀ ಅದನ್ನು ಕೈಯಲ್ಲಿ ಹಿಡಿದು ನೋಡಿ, ಅತ್ತೆಯ ಮುಖವನ್ನೂ ನೋಡಿ, "ಇಲ್ಲಿ ಕಾಗಿ ಭಾಳ ಶಾಣ್ಯಾ ಅದಾವ ಬಿಡ್ರಿ ಅತ್ತಿ" ಎಂದಳು. ಸುಂದರವ್ವ ಹಪ್ಪಳ ತಿರುವಿ ಹಾಕುತ್ತ, "ಹೂಂ, ಗ್ವಾವಾದ ಕಾಗಿ" ಎಂದಳು. ನಾನು ಮೂಲೆಯ ಕೋಲನ್ನು ಕೈಗೆತ್ತಿಕೊಂಡೆ. ಕೆಲಸ ನನಗೆ ವಾಪಸು ಸಿಕ್ಕಿದೆ, ಗಚ್ಚಿಗೆ ಇನ್ನೊಂದು ಸ್ಟೂಲೂ ಬಂದಿದೆ. ಹೀಗಾಗಿ ತಾವು ಮಾಡದ ಅಪರಾಧವನ್ನು ಮನೆಯವರೆಲ್ಲ ಸೇರಿ ತಮ್ಮ ಮೇಲೆ ಹೊರಿಸಿದ್ದೇವೆ. ದಯವಿಟ್ಟು ಟಾಕಿಯ ಮೇಲೆ ಕೂತು ಅಲ್ಲಗಳೆಯಬೇಡಿ. ತಮ್ಮ ಬಣ್ಣ ಹೇಗೂ ಕಪ್ಪು, ಇಷ್ಟು ಮಸಿ ಬಳಿದರೆ ಯಾರಿಗೂ ಕಾಣುವುದಿಲ್ಲ.