ಗಿರಿಜಕ್ಕನ ಮೆಸ್ಸು ಮುಚ್ಚಿದ್ದೇಕೆ?

ನಮ್ಮ ಅತ್ತೆಗೆ ನಾಯಕಿಯರನ್ನು ಕಂಡರೆ ಆಗುವುದಿಲ್ಲ. ಉಳಿದ ಜನ ಟಿವಿಯಲ್ಲಿ ಜಾಹೀರಾತು ಬಂದಾಗ ಎದ್ದು ಒಳಗೆ ಹೋಗುತ್ತಾರೆ. ನಮ್ಮತ್ತೆ ನಾಯಕಿ ಬಂದಾಗ ಎದ್ದು ಹೋಗುತ್ತಿದ್ದಳು. ನಾಯಕಿ ಅತ್ತು, ನಾಯಕ ಸಮಾಧಾನ ಮಾಡಿ, ಇಬ್ಬರೂ ಕಿಟಕಿಯಾಚೆ ನೋಡಿ ನಿಟ್ಟುಸಿರು ಬಿಡುವಷ್ಟರಲ್ಲಿ ಅವಳು ನಾಳೆಯ ದೋಸೆಗೆ ರುಬ್ಬಿ ಮುಗಿಸಿರುತ್ತಿದ್ದಳು. ಆದರೆ ಅದೇ ಧಾರಾವಾಹಿಯ ಕಾರಿನ ಡ್ರೈವರ್ ಬಾಯಿ ತೆರೆದನೋ, ಹಿಟ್ಟಿನ ಕೈಯಲ್ಲೇ ಓಡಿ ಬರುವಳು!

ಧಾರಾವಾಹಿ ಬಿಡಿ, ನಿಜ ಜೀವನದಲ್ಲೂ ಹಾಗೆಯೇ. ಒಮ್ಮೆ ನರಸಿಂಹರಾಜಪುರದ ಒಂದು ಮದುವೆಗೆ ಹೋಗಿ ಬಂದಳು. ಅಡುಗೆ ಭಟ್ಟರ ಸಹಾಯಕನಿಗೆ ಹಲ್ಲುನೋವಿದ್ದದ್ದು, ಓಲಗದವನ ಮಗಳು ಕಾಲೇಜಿಗೆ ಸೇರಿದ್ದು, ಎಲೆ ಎತ್ತುವ ಹೆಂಗಸಿನ ಊರು ಅಡ್ಡಗದ್ದೆ ಎನ್ನುವುದು, ಎಲ್ಲವನ್ನೂ ಸವಿಸ್ತಾರವಾಗಿ ವರದಿ ಮಾಡಿದಳು. ಮದುಮಗಳು ಹೇಗಿದ್ದಳು ಎಂದು ಅಮ್ಮ ಕೇಳಿದಳು. ಅತ್ತೆ ಸ್ವಲ್ಪ ಯೋಚಿಸಿ, "ಇದ್ಲು," ಎಂದಳು.

ಅತ್ತೆ ಅಪ್ಪಯ್ಯನ ತಂಗಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಪುರುಸೊತ್ತಾಗಲಿಲ್ಲ ಎಂದು ಹೇಳುತ್ತಿದ್ದಳು. ಅದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಅಪ್ಪಯ್ಯನಿಗೆ ಕೊಪ್ಪದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಮ್ಮ ಜಯಪುರದ ಶಾಲೆಯಲ್ಲಿ ಟೀಚರ್, ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ವಾಪಸು. ನಾನು ಒಂದು ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತ ತಿರುಗುವವನು. ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಮನೆಯೊಳಗೆ ಹಗಲೆಲ್ಲ ಇರುತ್ತಿದ್ದವಳು ಅತ್ತೆಯೊಬ್ಬಳೇ. ಅಥವಾ ಹೀಗೆ ಹೇಳಬಹುದು: ಅವಳಿದ್ದುದರಿಂದ ಅದು ಮನೆಯಾಗಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ.

ಎರಡು ಸಾವಿರದ ದಶಕದ ಮಧ್ಯಭಾಗ. ಕೊಪ್ಪದಲ್ಲಿ ಮೊಬೈಲ್ ಇದ್ದವರು ಸಿಗ್ನಲ್ಲಿಗಾಗಿ ತಾರಸಿ ಹತ್ತಬೇಕಾಗಿದ್ದ ಕಾಲ. ಆಗ ರಾತ್ರಿ ಊಟದ ಹೊತ್ತಿಗೆ ಒಂದು ಧಾರಾವಾಹಿ ಬರುತ್ತಿತ್ತು. ದೊಡ್ಡ ಬಂಗಲೆ, ಅದರೊಳಗೆ ಒಡವೆ ಹಾಕಿಕೊಂಡು ಮಲಗುವ ಹೆಂಗಸರು, ಅಳುವ ನಾಯಕಿ. ಆ ಮನೆಯಲ್ಲಿ ನಾಯಕನ ಸೋದರತ್ತೆ ಒಬ್ಬಳಿದ್ದಳು, ಗಿರಿಜಕ್ಕ ಎಂದು. ಎಲ್ಲರೂ ಕಿರುಚಾಡಿ ಸುಸ್ತಾದ ಮೇಲೆ ಕಾಫಿ ತಂದಿಟ್ಟು ಒಂದೇ ಒಂದು ಮಾತು ಹೇಳಿ ಒಳಗೆ ಹೋಗುವಳು. ಆ ಒಂದು ಮಾತಿಗಾಗಿ ಇಡೀ ಕೊಪ್ಪ ಕಾಯುತ್ತಿತ್ತು. ಅತ್ತೆಯಂತೂ ಗಿರಿಜಕ್ಕ ಒಳಗೆ ಹೋದ ಮೇಲೆ ಟಿವಿಯನ್ನೇ ಆರಿಸಿಬಿಡುತ್ತಿದ್ದಳು.

ಜನರ ಈ ಪ್ರೀತಿಯನ್ನು ನೋಡಿ ಚಾನೆಲ್‌ನವರು ಗಿರಿಜಕ್ಕನಿಗೇ ಒಂದು ಪ್ರತ್ಯೇಕ ಧಾರಾವಾಹಿ ಮಾಡಿದರು. ಅವಳು ಅಣ್ಣನ ಬಂಗಲೆ ಬಿಟ್ಟು, ಡ್ರೈವರನ್ನೂ ಅಡುಗೆಯವಳನ್ನೂ ಕರೆದುಕೊಂಡು, ಪೇಟೆಯಲ್ಲಿ ಊಟದ ಮೆಸ್ಸು ತೆರೆಯುವ ಕಥೆ. ನಾಯಕ ಇಲ್ಲ, ನಾಯಕಿ ಇಲ್ಲ. ಮೊದಲ ದಿನ ಅತ್ತೆ ತಲೆಗೆ ಸ್ನಾನ ಮಾಡಿ ಟಿವಿ ಮುಂದೆ ಕೂತಳು. ಗಿರಿಜಕ್ಕ ಮೆಸ್ಸಿನ ಒಲೆ ಹೊತ್ತಿಸಿದ ದಿನ, ಅಪ್ಪಯ್ಯನಿಗೆ ಸಾರು ಬಡಿಸುತ್ತ, ತಾನೂ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೆಸ್ಸು ಮಾಡುವುದಾಗಿ ಹೇಳಿದಳು. ದರ್ಜಿಯೊಬ್ಬ ಬಿಟ್ಟುಹೋದ ಕೋಣೆಯನ್ನು ಆಗಲೇ ಗೊತ್ತುಮಾಡಿಯೂ ಆಗಿತ್ತು.

ಅಪ್ಪಯ್ಯ ತುತ್ತನ್ನು ಎಲೆಯಲ್ಲೇ ಬಿಟ್ಟರು. ನಮ್ಮನೆ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ ಅನ್ನ ಬಡಿಸುವುದೆಂದರೇನು, ಊರಿನವರು ಏನಂದಾರು ಎಂದು ಶುರುಮಾಡಿ, ಕೊನೆಗೆ ಧಾರಾವಾಹಿಯ ಮೇಲೆ ಬಂದರು.

"ಉಪ್ಪಿನಕಾಯಿ ರುಚಿ ಅಂತ ಬರೀ ಉಪ್ಪಿನಕಾಯೇ ಬಡಿಸಿದ್ರೆ ಊಟ ಆಗ್ತದನಾ ಮಾರಾಯ್ತಿ? ಆ ಧಾರಾವಾಹಿ ನಡೆಯೂದಿಲ್ಲ, ನಿನ್ನ ಮೆಸ್ಸೂ ನಡೆಯೂದಿಲ್ಲ."

"ಅದು ನಡೆದ್ರೆ?"

"ಆ ಗಿರಿಜಕ್ಕ ಎಷ್ಟು ದಿನ ಮೆಸ್ಸು ನಡೆಸ್ತಾಳೋ ಅಷ್ಟು ದಿನ ನೀನೂ ನಡೆಸು. ಅವಳು ಬಾಗಿಲು ಹಾಕಿದ ದಿನ ನೀನೂ ಹಾಕಿ ಬರಬೇಕು."

ಅಪ್ಪಯ್ಯ ಹೇಳಿದ್ದು ತಮಾಷೆಗೆ ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಅತ್ತೆ ತಮಾಷೆಯ ಹೆಂಗಸಲ್ಲ. ಆಗಲಿ ಎಂದು ಮಜ್ಜಿಗೆ ತರಲು ಒಳಗೆ ಹೋದಳು. ಹೀಗೆ ನಮ್ಮತ್ತೆಯ ಭವಿಷ್ಯ ಬೆಂಗಳೂರಿನಲ್ಲಿ ಕೂತು ಕಥೆ ಬರೆಯುವ, ನಾವು ಕಂಡಿಲ್ಲದ ಒಬ್ಬ ಮನುಷ್ಯನ ಕೈಗೆ ಹೋಯಿತು.

ಮೆಸ್ಸಿನ ಮೊದಲ ದಿನವೇ ಗಂಡಾಂತರ. ಅತ್ತೆಗೆ ಗೊತ್ತಿದ್ದುದು ಮನೆಯ ಪಂಕ್ತಿಯ ಕ್ರಮ ಒಂದೇ. ಶಿವಮೊಗ್ಗದಿಂದ ಶೃಂಗೇರಿಗೆ ಹೋಗುವ ಬಸ್ಸಿನಿಂದ ಇಳಿದು ಬಂದವರನ್ನು ಸಾಲಾಗಿ ಕೂರಿಸಿ, ಎಲೆ ಹಾಕಿ, ಪಂಕ್ತಿ ತುಂಬಲಿ ಎಂದು ಕಾದಳು. ಬಸ್ಸು ನಿಲ್ಲುವುದೇ ಸ್ವಲ್ಪ ಹೊತ್ತು, ಪಂಕ್ತಿ ತುಂಬುವುದು ಯಾವಾಗ? ಜನ ಖಾಲಿ ಎಲೆಗೆ ನೀರು ಚಿಮುಕಿಸಿಕೊಂಡು ಕೂತರು. ಕೊನೆಗೂ ಉಪ್ಪು ಬಂತು, ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು. ಪಲ್ಯ ಬರುವಾಗ ಕಂಡಕ್ಟರನ ಸೀಟಿ ಕೇಳಿಸಿತು. ಅರ್ಧ ಜನ ಎದ್ದರು. "ಮಜ್ಜಿಗೆಗೆ ಮೊದಲು ಏಳೂದು ಎಂತ ಮರ್ಯಾದೆ?" ಎಂದು ಅತ್ತೆ ಗದರಿದ್ದಕ್ಕೆ ಇಬ್ಬರು ಮತ್ತೆ ಕೂತರು. ಬಸ್ಸು ಅವರನ್ನು ಬಿಟ್ಟೇ ಹೋಯಿತು.

ಮರುದಿನ ಮೆಸ್ಸಿಗೆ ಯಾರಾದರೂ ಬಂದಾರೆಯೇ? ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಕ್ರಮ ಬದಲಿಸಲಿಲ್ಲ. ಬಸ್ಸು ಬಂದ ಕೂಡಲೇ ನೇರ ಹೋಗಿ ಡ್ರೈವರನ್ನೂ ಕಂಡಕ್ಟರನ್ನೂ ಕರೆತಂದು ಪಂಕ್ತಿಯ ತುದಿಯಲ್ಲಿ ಮೊದಲು ಕೂರಿಸಿದಳು. ಅವರು ಎಲೆ ಮುಂದೆ ಕೂತ ಮೇಲೆ ಬಸ್ಸು ಹೇಗೆ ಹೋದೀತು? ಪ್ರಯಾಣಿಕರು ನಿಶ್ಚಿಂತೆಯಿಂದ ಉಂಡರು. ಶೃಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಮಾತ್ರ ಆವತ್ತಿನಿಂದ ಸ್ವಲ್ಪ ಹೆಚ್ಚೇ ಕಾದರು.

ಅತ್ತೆಯ ಮೆಸ್ಸು ಹೀಗೆ ತನ್ನ ಕಾಲ ಮೇಲೆ ನಿಂತಿತು. ಗಿರಿಜಕ್ಕನದ್ದು ವಾಲತೊಡಗಿತು.

ಮೊದಲು ಅದರ ಹೊತ್ತು ಬದಲಾಯಿತು. ರಾತ್ರಿಯ ಜಾಗದಿಂದ ತೆಗೆದು ಮಧ್ಯಾಹ್ನಕ್ಕೆ ಹಾಕಿದರು. ಅತ್ತೆ ಅಟ್ಟದ ಮೇಲಿದ್ದ ಹಳೆಯ ಟಿವಿಯನ್ನು ಮೆಸ್ಸಿಗೆ ಸಾಗಿಸಿದಳು. ಪರದೆಯ ಮೇಲೆ ಗಿರಿಜಕ್ಕ ಸುಳ್ಳು ಗಿರಾಕಿಗಳಿಗೆ ಬಡಿಸುವುದು, ಕೆಳಗೆ ಅತ್ತೆ ನಿಜವಾದವರಿಗೆ ಬಡಿಸುವುದು. "ಅಲ್ಲಿ ಹೋಳಿಗೆ ಹಾಕ್ತಿದಾರೆ, ಇಲ್ಲಿ ಎಂತಕ್ಕೆ ಇಲ್ಲ?" ಎಂದು ನರಸಿಂಹರಾಜಪುರದವರೊಬ್ಬರು ತಗಾದೆ ತೆಗೆದದ್ದೂ ಉಂಟು.

ಮನೆಯಲ್ಲಿ ಅಪ್ಪಯ್ಯ ಕನ್ನಡಕ ಹುಡುಕುತ್ತಿದ್ದರು, ಅಂಗಡಿಯ ಬೀಗದ ಕೈ ಹುಡುಕುತ್ತಿದ್ದರು, ಒಂದು ದಿನ ಒಗೆದ ಪಂಚೆ ಎಲ್ಲಿರುತ್ತದೆ ಎಂದು ಅಮ್ಮನಿಗೆ ಶಾಲೆಗೇ ಫೋನು ಮಾಡಿದರು. ಬೆಳಿಗ್ಗೆ ಅಮ್ಮ ಮಾಡಿಟ್ಟ ಸಾರನ್ನು ಮಧ್ಯಾಹ್ನ ತಣ್ಣಗೇ ಉಣ್ಣುತ್ತಿದ್ದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಒಂದು ಟಿವಿ ಇಟ್ಟುಕೊಂಡರು, ಅಷ್ಟೇ. ಮೊಳೆ ಕೊಳ್ಳಲು ಬಂದವರು ಗಿರಿಜಕ್ಕನ ಸಂಚಿಕೆ ಮುಗಿಯುವವರೆಗೆ ನಿಲ್ಲಬೇಕಾಗುತ್ತಿತ್ತು. ಅವಳು ಯಾವಾಗ ಬಾಗಿಲು ಹಾಕುತ್ತಾಳೆ ಎಂದು ಅಪ್ಪಯ್ಯ ಕಾಯುತ್ತಿದ್ದಾರೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಆ ಕಡೆ ಕಥೆ ಬರೆಯುವವನಿಗೂ ದಿಗಿಲು ಹತ್ತಿರಬೇಕು. ಒಂದು ಮಾತು ಹೇಳಿ ಒಳಗೆ ಹೋಗುತ್ತಿದ್ದ ಗಿರಿಜಕ್ಕ ಈಗ ಅರ್ಧ ಗಂಟೆ ಮಾತಾಡತೊಡಗಿದಳು. ಅವಳಿಗೆ ರೇಷ್ಮೆ ಸೀರೆ ಉಡಿಸಿದರು. ನೆನಪು ಕಳೆದುಕೊಂಡ ಹಳೆಯ ಪ್ರೇಮಿಯೊಬ್ಬನನ್ನು ಗಿರಾಕಿಯಾಗಿ ಕಳಿಸಿದರು. ಅದೂ ಸಾಲದೆ ಬಂಗಲೆಯ ನಾಯಕಿ ದಿನಾ ಮೆಸ್ಸಿಗೆ ಬಂದು ಅಳಲು ಶುರುಮಾಡಿದಳು. ಅತ್ತೆ ಸೌಟು ಹಿಡಿದು ಟಿವಿಯನ್ನು ದಿಟ್ಟಿಸಿದಳು.

"ಅಳೂದಕ್ಕೆ ಅಷ್ಟು ದೊಡ್ಡ ಮನೆ ಉಂಟಲ್ಲ ಇವಳಿಗೆ. ಇಲ್ಲಿ ಊಟದ ಹೊತ್ತು."

ಗಿರಿಜಕ್ಕ ಮೆಸ್ಸು ತೆರೆದ ಮೇಲೆ ಒಮ್ಮೆಯೂ ಪಾತ್ರೆ ತೊಳೆದಿಲ್ಲ, ನಾಳೆಗೆ ಏನು ಅಡುಗೆ ಎಂದು ಯೋಚಿಸಿಲ್ಲ. ಕೆಲಸ ಬಿಡಿಸಿ ಕಥೆ ಕೊಟ್ಟರೆ ಅವಳು ಉಳಿಯುವುದು ಹೇಗೆ ಎನ್ನುವುದು ಅತ್ತೆಯ ವಾದ. ಆಗಿನಿಂದ ಅತ್ತೆಗೆ ನಿದ್ದೆ ಕಡಿಮೆಯಾಯಿತು.

ಬೆಂಗಳೂರಿನ ಆ ಚಾನೆಲ್‌ನಲ್ಲಿ ನನಗೊಬ್ಬ ಪರಿಚಿತನಿದ್ದ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಶುಕ್ರವಾರ ಕೊನೆಯ ಸಂಚಿಕೆ ಎಂದ. ನೋಡುವವರು ಇಲ್ಲವೇ ಎಂದು ಕೇಳಿದೆ. ಸ್ವಲ್ಪ ಇದ್ದಾರೆ, ಆದರೆ ಕಾರಣ ಅದೊಂದೇ ಅಲ್ಲ ಎಂದ. ಗಿರಿಜಕ್ಕ ಹೋದ ಮೇಲೆ ಬಂಗಲೆಯ ಧಾರಾವಾಹಿ ಸೊರಗಿದೆಯಂತೆ. ನಾಯಕಿ ಅತ್ತರೆ ಅಳುತ್ತಲೇ ಇರುತ್ತಾಳೆ, ನಿಲ್ಲಿಸಲು ಕಾಫಿ ತರುವವರು ಯಾರೂ ಇಲ್ಲ. ಚಿಕ್ಕ ಪಾತ್ರ ಎಂದುಕೊಂಡಿದ್ದವಳೇ ಆ ಮನೆಯನ್ನು ಹೊತ್ತಿದ್ದಳು ಎಂದು ಅವರಿಗೆ ಈಗ ತಿಳಿದಿದೆ. ಹಾಗಾಗಿ ಅವಳನ್ನು ವಾಪಸು ಕರೆಸಿಕೊಳ್ಳುತ್ತಿದ್ದಾರೆ.

ಎರಡನೆಯ ಮೂಲದಿಂದ ಖಚಿತವಾಗದ ಸುದ್ದಿಯನ್ನು ನಾನು ಯಾರಿಗೂ ಹೇಳುವವನಲ್ಲ. ಆದರೆ ಅತ್ತೆ ನನ್ನ ಮುಖ ನೋಡಿದಳು.

"ಮಾಣಿ, ನಿಂಗೆ ಎಂತೋ ಗೊತ್ತುಂಟು."

ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಮೆಸ್ಸನ್ನು ಗಿರಿಜಕ್ಕ ಯಾರಿಗೆ ಬಿಟ್ಟು ಹೋಗುತ್ತಾಳೆ ಎಂದು ಮಾತ್ರ ಕೇಳಿದಳು. ಅದನ್ನು ಚಾನೆಲ್‌ನಲ್ಲಿ ಯಾರೂ ಯೋಚಿಸಿರಲಿಲ್ಲ.

ಶುಕ್ರವಾರ ಅತ್ತೆ ಮೆಸ್ಸಿಗೆ ರಜೆ ಹಾಕಿ ಮನೆಯ ಟಿವಿಯ ಮುಂದೆ ಕೂತಳು. ಅಪ್ಪಯ್ಯ ಅಂಗಡಿ ಮುಚ್ಚಿ ಬಂದರು. ಅಮ್ಮ ರಜೆಯ ಅರ್ಜಿಯಲ್ಲಿ ಮನೆಯ ತುರ್ತು ಎಂದು ಬರೆದಿದ್ದಳು, ಸುಳ್ಳೇನಲ್ಲ. ಚುನಾವಣೆಯ ಎಣಿಕೆ ಕೇಂದ್ರದಲ್ಲೂ ನಾನು ಅಂಥ ಆತಂಕ ಕಂಡಿಲ್ಲ.

ಪರದೆಯ ಮೇಲೆ ಬಂಗಲೆಯ ಕಾರು ಬಂದು ನಿಂತಿತು. ಅಣ್ಣ ಇಳಿದ. ನೀನಿಲ್ಲದೆ ಮನೆ ಮನೆಯಾಗಿಲ್ಲ ಎಂದ. ಗಿರಿಜಕ್ಕ ಕಣ್ಣೊರೆಸಿಕೊಂಡು ಒಲೆ ಆರಿಸಿದಳು, ಬಾಗಿಲಿಗೆ ಬೀಗ ಹಾಕಿದಳು, ಹಿಂದಿನ ಸೀಟಿನಲ್ಲಿ ಕೂತಳು. ಕೊನೆಯ ದೃಶ್ಯದಲ್ಲಿ ಕಾಫಿ ತಟ್ಟೆ ಹಿಡಿದು ಬಂಗಲೆಯ ಹಜಾರಕ್ಕೆ ಬಂದಾಗ ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಶುಭಂ.

ಅತ್ತೆ ಸೊಂಟದಿಂದ ಮೆಸ್ಸಿನ ಬೀಗದ ಕೈ ತೆಗೆದು ಅಪ್ಪಯ್ಯನ ಮುಂದಿನ ಸ್ಟೂಲಿನ ಮೇಲೆ ಇಟ್ಟಳು.

"ಮಾತು ಅಂದ್ರೆ ಮಾತು, ಅಣ್ಣಯ್ಯ."

ಅಪ್ಪಯ್ಯ ಟಿವಿಯನ್ನೇ ನೋಡುತ್ತಿದ್ದರು. ಅಲ್ಲಿ ಸೋಪಿನ ಜಾಹೀರಾತು ನಡೆಯುತ್ತಿತ್ತು. ಅಮ್ಮ ನನ್ನನ್ನು ನೋಡಿದಳು. ಜಾಹೀರಾತು ಮುಗಿದು ಇನ್ನೊಂದು ಶುರುವಾಯಿತು.

"ಈ ಕಥೆ ಬರೆದವನಿಗೆ ತಂಗಿ ಇಲ್ಲ ಕಾಣ್ತದೆ," ಎಂದರು ಅಪ್ಪಯ್ಯ.

ಅಪ್ಪಯ್ಯ ಬೆರಳ ತುದಿಯಲ್ಲಿ ಆ ಬೀಗದ ಕೈಯನ್ನು ಅತ್ತೆಯ ಕಡೆಗೆ ಸರಿಸಿದರು.

"ಸಂಜೆ ಬಸ್ಸಿನವ್ರು ಬರ್ತಾರೆ. ಬಾಗ್ಲು ತೆಗಿ, ಹೋಗು."

ಯಾವ ನಾಯಕಿಯ ಕಣ್ಣೀರಿಗೂ ಕರಗದ ನಮ್ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಪ್ಪಯ್ಯನೂ ನೋಡಿರಲಿಲ್ಲವೆಂದು ತೋರುತ್ತದೆ. ಅವರು ಗಾಬರಿಯಾಗಿ ಎದ್ದು, "ನೀರು ತರ್ತೆ, ತಡಿ," ಎಂದು ಅಡುಗೆಮನೆಗೆ ಹೋದರು.

ಒಳಗಿನಿಂದ ಲೋಟ ಹುಡುಕುವ ಸದ್ದು ಕೇಳಿಸತೊಡಗಿತು. ಒಂದು ಡಬ್ಬಿ ಬಿತ್ತು. ಆಮೇಲೆ ತಟ್ಟೆಗಳು. ಅಮ್ಮನೂ ನಾನೂ ಏಳಲಿಲ್ಲ. ಅತ್ತೆ ಅಭ್ಯಾಸಬಲದಿಂದ ಅರ್ಧ ಎದ್ದಳು, ಅಡುಗೆಮನೆಯ ಬಾಗಿಲನ್ನು ನೋಡಿದಳು, ಮತ್ತೆ ಮೆಲ್ಲಗೆ ಕೂತಳು. ಕೂತು, ನೀರಿಗಾಗಿ ಕಾದಳು.